ಗಾಲಿ ಮಾತು: ಫಿಕ್ಸ್ಡ್ ಗೇರ್ ಸೈಕಲ್‌ಗೆ ಫ್ರೇಮ್ ಯಾವುದು, ಸಾಮಾನು ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫಿಕ್ಸ್ಡ್ ಗೇರ್ ಸೈಕಲ್ ಬಗ್ಗೆಯೇ. ಪುಣೆಯ ಹುಡುಗರು ಇದಕ್ಕೆ ಫಿಕ್ಸಿ ಅನ್ನುತ್ತಾರೆ. ಹೊಸಬರಿಗಾಗಿ ಎರಡು ಮಾತು. ನಮ್ಮ ಮಾಮೂಲಿ ಸೈಕಲ್‌ನಲ್ಲಿ ತುಳಿಯುವುದು ನಿಲ್ಲಿಸಿದರೂ ಗಾಲಿ ಓಡುತ್ತದೆ, ಹಿಂದೆ ಫ್ರೀವೀಲ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಫಿಕ್ಸ್ಡ್‌ನಲ್ಲಿ ಫ್ರೀವೀಲ್ ಇರುವುದಿಲ್ಲ. ಹಿಂದಿನ ಹಲ್ಲಿನ ಚಕ್ರ, ಅಂದರೆ ಕಾಗ್, ಗಾಲಿಯ ನಡುವಿನ ಹಬ್‌ಗೆ ಗಟ್ಟಿಯಾಗಿ ಕೂತಿರುತ್ತದೆ. ಗಾಲಿ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತದೆ, ಕಾಲೂ ಆಡಲೇಬೇಕು. ಕಾಲಿನಿಂದ ತಡೆ ಕೊಟ್ಟರೆ ಸೈಕಲ್ ನಿಧಾನವಾಗುತ್ತದೆ.

ನಾನು ವಿಜಯಪುರ ಜಿಲ್ಲೆಯವನು. ನಮ್ಮ ಕಡೆ ಸೈಕಲ್ ರೇಸ್ ಅಂದರೆ ಊರಿಗೆ ಊರೇ ರಸ್ತೆ ಬದಿಗೆ ಬಂದು ನಿಲ್ಲುತ್ತದೆ. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟರ್ ಆಗಿದ್ದು ನಿವೃತ್ತನಾದೆ. ಈಗ ನಿಗಡಿಯ ಮನೆಯಲ್ಲಿ ಗಾಲಿ ಕಟ್ಟುತ್ತೇನೆ. ಹಾಗಾಗಿ ನನ್ನ ಉತ್ತರಗಳಲ್ಲಿ ಮಿಲಿಮೀಟರು, ಥ್ರೆಡ್ಡು ಇವೇ ಜಾಸ್ತಿ. ಓದುವಾಗ ಒಂದು ಸ್ಕೇಲ್ ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಕಾಕಾ, ನಾನು ಧಾರವಾಡದವನು, ಕೋಥರೂಡ್‌ನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದೇನೆ. ಒಂದು ಫಿಕ್ಸ್ಡ್ ಕಟ್ಟಬೇಕು ಅಂತ ಆಸೆ. ಮೂರು ಫ್ರೇಮ್ ಸಿಗುವ ಹಾಗಿವೆ. ಊರಲ್ಲಿ ಅಜ್ಜನ ಕರಿ ಅಟ್ಲಾಸ್ ಇದೆ. ಜುನಾ ಬಝಾರ್‌ನಲ್ಲಿ ಹಳೆಯ ಸ್ಟೀಲ್ ರೇಸ್ ಸೈಕಲ್ ಒಂದು ನೋಡಿದೆ. ರೂಮ್‌ಮೇಟ್ ಗೇರಿನ ರೋಡ್ ಬೈಕ್‌ನ ಅಲ್ಯೂಮಿನಿಯಂ ಫ್ರೇಮ್ ಮಾರುತ್ತಿದ್ದಾನೆ, ಅದು ತುಂಬ ಹಗುರ. ಯಾವುದು ತಗೊಳ್ಳಲಿ?

ಉತ್ತರ: ತಮ್ಮಾ, ತೂಕ ಆಮೇಲೆ ನೋಡೋಣ. ಮೊದಲು ಫ್ರೇಮಿನ ಹಿಂದೆ ಕೂತು, ಗಾಲಿಯ ಆಕ್ಸೆಲ್ ಕೂರುವ ಸೀಳು ಎತ್ತ ತೆರೆದಿದೆ ನೋಡು. ಅದಕ್ಕೆ ಡ್ರಾಪ್‌ಔಟ್ ಅನ್ನುತ್ತಾರೆ. ಇಡೀ ನಿರ್ಧಾರ ಅರ್ಧ ಅಲ್ಲೇ ಮುಗಿಯುತ್ತದೆ.

ಕಾರಣ ಸರಳ. ಗೇರಿನ ಸೈಕಲ್‌ನಲ್ಲಿ ಚೈನಿನ ಸಡಿಲ ಎಳೆದು ಹಿಡಿಯಲು ಡಿರೇಲರ್ ಇರುತ್ತದೆ. ಫಿಕ್ಸ್ಡ್‌ನಲ್ಲಿ ಅದಿಲ್ಲ. ಗಾಲಿಯನ್ನೇ ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಬೇಕು. ಸೀಳು ನೇರ ಕೆಳಕ್ಕೆ ತೆರೆದಿದ್ದರೆ ಗಾಲಿ ಒಂದೇ ಜಾಗದಲ್ಲಿ ಕೂರುತ್ತದೆ, ಸರಿಯುವುದಿಲ್ಲ. ನಿನ್ನ ರೂಮ್‌ಮೇಟಿನ ಫ್ರೇಮ್ ಹಾಗೇ ಇರುತ್ತದೆ, ಹೋಗಿ ನೋಡು. ಸ್ಪ್ರಿಂಗ್ ಇರುವ ಟೆನ್ಶನರ್ ಹಾಕಿದರಾಯಿತು ಅಂತ ಯಾರಾದರೂ ಹೇಳಬಹುದು. ಫ್ರೀವೀಲ್ ಸೈಕಲ್‌ಗೆ ಅದು ಸರಿ. ಫಿಕ್ಸ್ಡ್‌ನಲ್ಲಿ ನೀನು ಕಾಲಿನಿಂದ ತಡೆ ಕೊಟ್ಟಾಗ ಚೈನಿನ ಕೆಳಗಿನ ಸಾಲು ಬಿಗಿಯುತ್ತದೆ, ಆ ಎಳೆತಕ್ಕೆ ಟೆನ್ಶನರಿನ ತೋಳು ಬಾಗುತ್ತದೆ, ಇಲ್ಲಾ ಮುರಿಯುತ್ತದೆ. ಆಕ್ಸೆಲನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ ಚೈನ್ ಬಿಗಿ ಮಾಡುವ ಎಕ್ಸೆಂಟ್ರಿಕ್ ಹಬ್, ಎಕ್ಸೆಂಟ್ರಿಕ್ ಬಾಟಮ್ ಬ್ರಾಕೆಟ್ (ಪೆಡಲ್ ತೋಳು ಕೂರುವ ಜಾಗ) ಅಂತ ದಾರಿಗಳಿವೆ. ಅವುಗಳ ಖರ್ಚಿನಲ್ಲಿ ಬೇರೆ ಫ್ರೇಮೇ ಬರುತ್ತದೆ. ಆ ಅಲ್ಯೂಮಿನಿಯಂ ಫ್ರೇಮ್ ಬಿಟ್ಟುಬಿಡು.

ಅಜ್ಜನ ಅಟ್ಲಾಸ್‌ನಲ್ಲಿ ಸೀಳು ಹಿಂದಕ್ಕೆ ತೆರೆದಿರುತ್ತದೆ, ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಸೈಕಲ್ಲಿನ ಹಾಗೆಯೇ. ಚೈನ್ ಎಳೆಯುವ ಅಡ್ಜಸ್ಟರ್ ಕೂಡ ಇರುತ್ತದೆ. ಅಷ್ಟರ ಮಟ್ಟಿಗೆ ಅದು ಫಿಕ್ಸ್ಡ್‌ಗೆ ಹೇಳಿ ಮಾಡಿಸಿದ ಫ್ರೇಮ್. ತೊಂದರೆ ಉಳಿದ ಸಾಮಾನಿನದು. ಅದರ ಗಾಲಿ 28 ಇಂಚು, ಒಂದೂವರೆ ಟೈರ್. ರಿಮ್ಮಿನ ಅಳತೆ 635 ಮಿ.ಮೀ. 700ಸಿ ಅನ್ನುವ ಈಗಿನ ರೋಡ್ ಗಾಲಿಯದು 622. ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32. ಪೇಟೆಯಲ್ಲಿ ಸಿಗುವ, ಫಿಕ್ಸ್ಡ್‌ಗೆ ಬೇಕಾದ ಟ್ರ್ಯಾಕ್ ಹಬ್‌ಗಳಿಗೆ ಸಾಮಾನ್ಯವಾಗಿ 32 ಇಲ್ಲಾ 36 ತೂತು. ಹಳೆ ರಿಮ್ಮಿಗೆ ಹೊಸ ಹಬ್ ಕಟ್ಟಲು ಬರುವುದಿಲ್ಲ. ಕ್ರಾಂಕ್, ಅಂದರೆ ಪೆಡಲ್ ಕೂರುವ ತೋಳು, ಕಾಟರ್ ಪಿನ್ ಅನ್ನುವ ಅಡ್ಡ ಪಿನ್ನಿನಿಂದ ನಿಂತಿರುವಂಥದ್ದು. ಫಿಕ್ಸ್ಡ್‌ನಲ್ಲಿ ತುಳಿಯುವಾಗ ಒಂದು ಕಡೆ, ತಡೆಯುವಾಗ ಇನ್ನೊಂದು ಕಡೆ ಒತ್ತಡ ಬೀಳುತ್ತದೆ. ಆ ಪಿನ್ ಬೇಗ ಸವೆದು ಕ್ರಾಂಕ್ ಕಟಕಟ ಅನ್ನಲು ಶುರುವಾಗುತ್ತದೆ. ಇಷ್ಟೆಲ್ಲ ಬದಲಿಸಿದರೆ ಅಜ್ಜನ ಸೈಕಲ್‌ನಲ್ಲಿ ಉಳಿಯುವುದು ಏನು? ಅಟ್ಲಾಸ್ 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಕಂಪನಿ, ಅದರ ಸಾಹಿಬಾಬಾದ್ ಕಾರ್ಖಾನೆಯೂ 2020ರ ಜೂನ್‌ನಲ್ಲಿ ನಿಂತುಹೋಯಿತು. ಆ ಸೈಕಲ್‌ಗೆ ಎಣ್ಣೆ ಹಾಕಿ, ಹೊಸ ಟೈರ್ ಹಾಕಿ, ಇದ್ದ ಹಾಗೇ ಓಡಿಸು. ಅದನ್ನು ಕತ್ತರಿಸಬೇಡ.

ಉಳಿದದ್ದು ಜುನಾ ಬಝಾರ್ ಸ್ಟೀಲ್. ನನ್ನ ಓಟು ಅದಕ್ಕೇ. ಹಳೆಯ ರೇಸ್ ಸೈಕಲ್‌ಗಳಲ್ಲಿ ಸೀಳು ಮುಂದಕ್ಕೆ ಓರೆಯಾಗಿ ತೆರೆದಿರುತ್ತದೆ, ಗಾಲಿ ಸರಿಸಲು ಜಾಗ ಇರುತ್ತದೆ. ಒಂದು ಹಲ್ಲು ಹೆಚ್ಚುಕಡಿಮೆ ಮಾಡಿದರೆ ಗಾಲಿ ಸುಮಾರು 3 ಮಿ.ಮೀ. ಸರಿಯುತ್ತದೆ. ಅಷ್ಟು ಜಾಗ ಧಾರಾಳವಾಗಿ ಸಿಗುತ್ತದೆ. ಆದರೆ ದುಡ್ಡು ಕೊಡುವ ಮುಂಚೆ ಮೂರು ಕೆಲಸ ಮಾಡು.

ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಕೆಳಗಿನ ಪೈಪಿನ ಅಡಿಭಾಗಕ್ಕೆ ಬೆರಳು ಆಡಿಸು. ಅಲೆಯ ಹಾಗೆ ಏರುಪೇರು ಸಿಕ್ಕರೆ, ಅಡ್ಡಕ್ಕೆ ಬಣ್ಣ ಬಿರುಕು ಬಿಟ್ಟಿದ್ದರೆ, ಆ ಸೈಕಲ್ ಎದುರಿನಿಂದ ಎಲ್ಲೋ ಗುದ್ದಿದೆ. ಬೇಡ. ಎರಡನೆಯದು ದಾರದ ಪರೀಕ್ಷೆ. ಹಿಂದಿನ ಒಂದು ಸೀಳಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಸೀಳಿಗೆ ತಂದು ಬಿಗಿ ಹಿಡಿ. ದಾರದಿಂದ ಸೀಟಿನ ಪೈಪಿಗೆ ಎರಡೂ ಬದಿ ಎಷ್ಟು ಅಂತರ ಅಂತ ಅಳೆ. ಎರಡೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಸ್ಟೀಲನ್ನು ಬಗ್ಗಿಸಿ ಸರಿ ಮಾಡಬಹುದು. ಮೂರನೆಯದು, ಹಿಂದಿನ ಎರಡು ಸೀಳುಗಳ ನಡುವಿನ ಅಗಲ. ಟ್ರ್ಯಾಕ್ ಹಬ್‌ಗೆ ಬೇಕಾದದ್ದು 120 ಮಿ.ಮೀ. ಹಳೆ ರೋಡ್ ಫ್ರೇಮ್ 126 ಇರಬಹುದು, ಆಮೇಲಿನವು 130. ಸ್ಟೀಲ್ ಆಗಿದ್ದರೆ 126 ಇದ್ದರೂ ಚಿಂತೆ ಇಲ್ಲ. ಆಕ್ಸೆಲ್ ಉದ್ದ ಸಾಕಷ್ಟಿದ್ದರೆ ಆಚೆ ಈಚೆ 3 ಮಿ.ಮೀ. ವಾಷರ್ ಹಾಕಿದರೆ ಕೂರುತ್ತದೆ.

ಇನ್ನೊಂದು ವಿಷಯ. ಟ್ರ್ಯಾಕ್ ಫ್ರೇಮಿನಲ್ಲಿ ಕ್ರಾಂಕ್ ಕೂರುವ ಬಾಟಮ್ ಬ್ರಾಕೆಟ್ ಸ್ವಲ್ಪ ಎತ್ತರ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಹಾಗಿನ 250 ಮೀಟರ್ ಟ್ರ್ಯಾಕ್‌ನಲ್ಲಿ ತಿರುವು ಗೋಡೆಯಂತೆ ಎದ್ದಿರುತ್ತದೆ. ಪೆಡಲ್ ನೆಲಕ್ಕೆ ತಾಗಬಾರದಲ್ಲ? ರೋಡ್ ಫ್ರೇಮಿನಲ್ಲಿ ಅದು ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ತಗ್ಗು. ಮಾಮೂಲಿ ಸೈಕಲ್‌ನಲ್ಲಿ ತಿರುಗುವಾಗ ಒಳಗಿನ ಪೆಡಲ್ ಮೇಲೆತ್ತಿ ಹಿಡಿಯುತ್ತೇವೆ. ಫಿಕ್ಸ್ಡ್‌ನಲ್ಲಿ ಅದು ಆಗದು. ಅದಕ್ಕೇ 170ರ ಬದಲು 165 ಮಿ.ಮೀ. ಕ್ರಾಂಕ್ ಹಾಕು, ಅಗಲವಾದ ಪೆಡಲ್ ಬೇಡ. ಕರ್ವೆ ರಸ್ತೆಯಿಂದ ಗಲ್ಲಿಯೊಳಗೆ ವೇಗದಲ್ಲಿ ಬಾಗಿ ತಿರುಗುವ ಅಭ್ಯಾಸ ಇದ್ದರೆ ಬಿಡು.

ದುಡ್ಡು ಎಲ್ಲಿ ಹಾಕಲಿ ಅಂತ ಪತ್ರದ ಕೊನೆಗೆ ಕೇಳಿದ್ದೀಯ. ಹಿಂದಿನ ಹಬ್, ಕಾಗ್, ಕಾಗ್ ಬಿಚ್ಚದಂತೆ ಹಿಡಿಯುವ ಲಾಕ್‌ರಿಂಗ್, ಮುಂದಿನ ಬ್ರೇಕ್. ಈ ನಾಲ್ಕಕ್ಕೆ ಕೈ ಬಿಗಿ ಮಾಡಬೇಡ. ಬಣ್ಣ, ಸೀಟು, ಹ್ಯಾಂಡಲ್ ಟೇಪು ಮುಂದಿನ ವರ್ಷ ನೋಡಿಕೊಂಡರಾಯಿತು.

ಪ್ರಶ್ನೆ: ನಮಸ್ಕಾರ. ನಾನು ಭೋಸರಿಯಲ್ಲಿ ಸಿಎನ್‌ಸಿ ಆಪರೇಟರ್. ಅಂಗಡಿಯವ ಹೇಳುತ್ತಾನೆ, ಹೊಸ ಹಬ್ ಯಾಕೆ, ಇರುವ ಫ್ರೀವೀಲ್‌ಗೇ ವೆಲ್ಡಿಂಗ್ ಹೊಡೆದರೆ ಫಿಕ್ಸ್ಡ್ ಆಯಿತು ಅಂತ. ಅರ್ಧ ಗಂಟೆಯ ಕೆಲಸವಂತೆ. ಮಾಡಿಸಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ನೀವು ಥ್ರೆಡ್ ಹೊಡೆಯುವ ಕೈಯವರು, ಹೇಳಿದರೆ ಬೇಗ ತಿಳಿಯುತ್ತದೆ.

ಮಾಮೂಲಿ ಹಬ್‌ನಲ್ಲಿ ಫ್ರೀವೀಲ್ ಕೂರುವ ಥ್ರೆಡ್ ಒಂದೇ. 1.37 ಇಂಚು, ಇಂಚಿಗೆ 24 ಸುತ್ತು, ಬಲಗೈ ಥ್ರೆಡ್. ನೀವು ಮುಂದಕ್ಕೆ ತುಳಿದಷ್ಟೂ ಫ್ರೀವೀಲ್ ಬಿಗಿಯುತ್ತಾ ಹೋಗುತ್ತದೆ. ಬಿಚ್ಚುವ ದಿಕ್ಕಿಗೆ ಯಾವತ್ತೂ ಒತ್ತಡ ಬೀಳುವುದೇ ಇಲ್ಲ. ಹಿಂದಕ್ಕೆ ತುಳಿದರೆ ಅದು ಸುಮ್ನೆ ಟಿಕ್ ಟಿಕ್ ಅನ್ನುತ್ತದೆ, ಅಷ್ಟೆ. ವೆಲ್ಡ್ ಮಾಡಿದ ಮೇಲೆ? ನೀವು ವೇಗ ಇಳಿಸಲು ಕಾಲಿನಿಂದ ತಡೆದಾಗ ಆ ಪೂರ್ತಿ ಬಲ ಬಿಚ್ಚುವ ದಿಕ್ಕಿಗೆ ಹೋಗುತ್ತದೆ. ಹಿಡಿದು ನಿಲ್ಲಿಸುವುದು ಏನೂ ಇಲ್ಲ. ಒಂದು ದಿನ ಚಾಂದನಿ ಚೌಕದ ಇಳಿಜಾರಿನಲ್ಲಿ ತಡೆ ಕೊಡುತ್ತೀರಿ, ಚಕ್ರ ಥ್ರೆಡ್‌ನಿಂದ ಕಳಚಿ ತಿರುಗುತ್ತದೆ, ಕಾಲಿಗೆ ಹಿಡಿತವೇ ಇರುವುದಿಲ್ಲ. ಬ್ರೇಕ್ ಸಿಗಬೇಕಾದ ಹೊತ್ತಿನಲ್ಲೇ ಅದು ಕೈ ಕೊಡುತ್ತದೆ. ಸುಲಭದ ಹೊತ್ತಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಅದರ ಅಪಾಯ ಇರುವುದು ಇಲ್ಲೇ.

ನಿಜವಾದ ಟ್ರ್ಯಾಕ್ ಹಬ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಥ್ರೆಡ್ ಎರಡು ಮೆಟ್ಟಿಲಲ್ಲಿ ಇರುತ್ತದೆ. ಒಳಗಿನ ದೊಡ್ಡ ಮೆಟ್ಟಿಲು ಕಾಗ್‌ಗೆ, ಅದೇ 1.37 ಇಂಚು, ಬಲಗೈ. ಅದರ ಹೊರಗೆ ಸ್ವಲ್ಪ ಸಣ್ಣ ಮೆಟ್ಟಿಲು, 1.29 ಇಂಚು, ಇಂಚಿಗೆ 24 ಸುತ್ತೇ, ಆದರೆ ಎಡಗೈ ಥ್ರೆಡ್. ಅದಕ್ಕೆ ಲಾಕ್‌ರಿಂಗ್ ಬರುತ್ತದೆ. ಕಾಗ್ ಬಿಚ್ಚಲು ಹೊರಟರೆ ಲಾಕ್‌ರಿಂಗ್‌ಗೆ ಒತ್ತುತ್ತದೆ, ಲಾಕ್‌ರಿಂಗ್ ಆ ದಿಕ್ಕಿನಲ್ಲಿ ಇನ್ನೂ ಬಿಗಿಯುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಲಾಕ್‌ರಿಂಗ್ ಅನ್ನು ಕೈಯಿಂದ ತಿರುಗಿಸಿ. ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ತಿರುಗಿಸಿದಾಗ ಅದು ಒಳಗೆ ಹೋದರೆ ಸರಿಯಾದ ಹಬ್. ಕಾಗ್, ಲಾಕ್‌ರಿಂಗ್ ಎರಡೂ ಒಂದೇ ದಿಕ್ಕಿಗೆ ಹೋದರೆ ವಾಪಸ್ ಕೊಡಿ. ಹಳೆ ಬಾಟಮ್ ಬ್ರಾಕೆಟ್ಟಿನ ಲಾಕ್‌ರಿಂಗ್ ಅನ್ನು ಫ್ರೀವೀಲ್ ಹಬ್‌ಗೆ ಹಾಕಿ, ಇದೇ ಟ್ರ್ಯಾಕ್ ಹಬ್ ಅಂತ ಕೊಡುವವರಿದ್ದಾರೆ. ಅದೂ ಬಲಗೈ ಥ್ರೆಡ್ಡೇ, ಕಾಗ್ ಜತೆಗೇ ಬಿಚ್ಚಿಕೊಳ್ಳುತ್ತದೆ.

ಕೂರಿಸುವ ರೀತಿ ಹೀಗೆ. ಥ್ರೆಡ್ ಒರೆಸಿ ಗ್ರೀಸ್ ಹಚ್ಚಿ. ಕಾಗ್ ಅನ್ನು ಚೈನ್ ವಿಪ್‌ನಿಂದ (ಚೈನ್ ತುಂಡು ಇರುವ ಪಾನಾ) ಮೈಭಾರ ಹಾಕಿ ಬಿಗಿ ಮಾಡಿ. ಲಾಕ್‌ರಿಂಗ್ ಹಾಕಿ. ಆಮೇಲೆ ಒಂದು ಏರು ಹತ್ತಿ ಬನ್ನಿ. ತುಳಿದ ಬಲಕ್ಕೆ ಕಾಗ್ ಇನ್ನೊಂದಿಷ್ಟು ಒಳಗೆ ಹೋಗಿರುತ್ತದೆ, ಲಾಕ್‌ರಿಂಗ್ ಸಡಿಲ ಕಾಣುತ್ತದೆ. ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿತವನ್ನು ಬಹಳ ಜನ ಮರೆಯುತ್ತಾರೆ. ಹಬ್‌ನ ಥ್ರೆಡ್ ಹಾಳಾಗಿ ನನ್ನ ಹತ್ತಿರ ಬರುವ ಗಾಲಿಗಳಲ್ಲಿ ಕಾರಣ ಹೆಚ್ಚಾಗಿ ಅದೇ.

ಬೇರೆ ದಾರಿಯೂ ಒಂದಿದೆ, ನಿಮ್ಮಂಥವರಿಗೆ ಇಷ್ಟವಾದೀತು. ಡಿಸ್ಕ್ ಬ್ರೇಕಿನ ಹಬ್‌ನಲ್ಲಿ ಆರು ಬೋಲ್ಟಿನ ಜಾಗ ಇರುತ್ತದಲ್ಲ, 44 ಮಿ.ಮೀ. ವೃತ್ತದ್ದು, ಅಲ್ಲಿಗೇ ಬೋಲ್ಟ್ ಹಾಕಿ ಕೂರಿಸುವ ಕಾಗ್ ಸಿಗುತ್ತದೆ. ಬಿಚ್ಚುವ ಪ್ರಶ್ನೆಯೇ ಇಲ್ಲ. ಚೈನ್ ಲೈನ್ ಮಾತ್ರ ಅಳೆಯಿರಿ. ಮುಂದಿನ ಹಲ್ಲಿನ ಚಕ್ರವೂ ಹಿಂದಿನ ಕಾಗ್ ಕೂಡ ಫ್ರೇಮಿನ ನಡುಗೆರೆಯಿಂದ ಒಂದೇ ದೂರದಲ್ಲಿರಬೇಕು. ಟ್ರ್ಯಾಕ್ ಸಾಮಾನಿನಲ್ಲಿ ಅದು 42 ಮಿ.ಮೀ. ಆಚೀಚೆ ಆದರೆ ಚೈನ್ ಸದ್ದು ಮಾಡುತ್ತದೆ, ಬೀಳಲೂಬಹುದು.

ಪ್ರಶ್ನೆ: ಕಾಕಾ, ನನ್ನ ಎತ್ತರ 5 ಅಡಿ 1 ಇಂಚು. ಔಂಧ್‌ನಲ್ಲಿ ಒಂದು ಫಿಕ್ಸ್ಡ್ ಓಡಿಸಿ ನೋಡಿದೆ. ನಿಧಾನವಾಗಿ ತಿರುಗಿಸುವಾಗ ಶೂ ಮುಂದಿನ ಗಾಲಿಗೆ ತಾಗಿತು. ರೂಢಿ ಆಗುತ್ತದೆ ಅಂತ ಅಂಗಡಿಯವರು ಹೇಳಿದರು. ನಿಜವಾ?

ಉತ್ತರ: ತಂಗಿ, ಫ್ರೀವೀಲ್ ಇದ್ದ ಸೈಕಲ್‌ನಲ್ಲಾದರೆ ರೂಢಿಯಾದೀತು. ಕಾಲು ಹಿಂದಕ್ಕೆ ಸರಿಸಿ ಹಿಡಿದು ತಿರುಗಬಹುದು. ಫಿಕ್ಸ್ಡ್‌ನಲ್ಲಿ ಪೆಡಲ್ ತಾನೇ ನಿನ್ನ ಕಾಲನ್ನು ಮುಂದಕ್ಕೆ ತಂದು ಗಾಲಿಗೆ ತಾಗಿಸುತ್ತದೆ. ಸಿಗ್ನಲ್‌ನಲ್ಲಿ ಯೂ ಟರ್ನ್ ಮಾಡುವಾಗ, ಪಕ್ಕದಲ್ಲಿ ರಿಕ್ಷಾ ಇರುವಾಗ ತಾಗಿದರೆ ಬೀಳುತ್ತೀಯ. ಒಪ್ಪಿಕೊಳ್ಳಬೇಡ.

ಲೆಕ್ಕ ಹಾಕಿ ನೋಡು. 165ರ ಕ್ರಾಂಕ್, ಪೆಡಲ್ ಆಕ್ಸೆಲ್‌ನಿಂದ ಶೂ ತುದಿಗೆ ಸುಮಾರು 100 ಮಿ.ಮೀ., ಟೈರ್ ಸಮೇತ 700ಸಿ ಗಾಲಿಯ ಅರ್ಧ ಅಳತೆ ಸುಮಾರು 336. ಕೂಡಿಸಿದರೆ 601. ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಮುಂದಿನ ಆಕ್ಸೆಲ್ ನಡುವಿಗೆ ಅಳೆದರೆ ಅದಕ್ಕಿಂತ ಜಾಸ್ತಿ ಬರಬೇಕು. ನಿನ್ನ ಎತ್ತರದ ಫ್ರೇಮ್‌ಗಳಲ್ಲಿ ಅಷ್ಟು ಸಿಗುವುದು ಕಷ್ಟ. ಅದರಲ್ಲೂ ಟ್ರ್ಯಾಕ್ ಫ್ರೇಮಿನ ಮುಂಭಾಗ ಕಡಿದಾಗಿ ನಿಂತಿರುತ್ತದೆ, ಗಾಲಿ ಇನ್ನೂ ಹತ್ತಿರ ಬರುತ್ತದೆ.

ಕ್ರಾಂಕ್ 160 ಇಲ್ಲಾ 155 ಹಾಕಿದರೆ ಐದು ಹತ್ತು ಮಿ.ಮೀ. ಉಳಿಯುತ್ತದೆ. ನಿನ್ನ ಕಾಲಿನ ಉದ್ದಕ್ಕೂ ಅದೇ ಚೆಂದ. ಇದಕ್ಕಿಂತ ಒಳ್ಳೆಯದು ಸಣ್ಣ ಗಾಲಿ. ಮೌಂಟನ್ ಬೈಕಿನ 26 ಇಂಚಿನ ರಿಮ್ 559 ಮಿ.ಮೀ. ಅದಕ್ಕೆ ತೆಳು ಟೈರ್ ಹಾಕಿದರೆ ಒಂದೇ ಏಟಿಗೆ 25 ಮಿ.ಮೀ. ಜಾಗ ಆಗುತ್ತದೆ. ಹಳೆ ಸ್ಟೀಲ್ ಮೌಂಟನ್ ಬೈಕ್ ಫ್ರೇಮ್‌ಗಳಲ್ಲಿ ಕೆಲವಕ್ಕೆ ಮುಂದಕ್ಕೆ ತೆರೆದ ಸೀಳು ಇರುತ್ತದೆ. ಅಂಥದ್ದು ಸಿಕ್ಕರೆ ನಿನಗೆ ಬಹಳ ಒಳ್ಳೆಯ ಫಿಕ್ಸ್ಡ್ ಆಗುತ್ತದೆ. ಹಿಂದಿನ ಅಗಲ 135 ಇದ್ದರೆ ಮೇಲೆ ಹೇಳಿದ ಡಿಸ್ಕ್ ಹಬ್ ದಾರಿ ಅಲ್ಲಿ ಹೊಂದುತ್ತದೆ. ಅಂಗಡಿಯವರು 700ಸಿ ಬಿಟ್ಟು ಬೇರೆ ಗಾಲಿ ಇದ್ದರೆ ಅದು ಫಿಕ್ಸಿಯೇ ಅಲ್ಲ ಅನ್ನುತ್ತಾರೆ. ಕೇಳಬೇಡ.

ಇನ್ನೊಂದು ಮಾತು. ಓಢಣಿ, ಸಡಿಲ ಪೈಜಾಮಾ, ಶೂ ಲೇಸ್ ಇವು ಚೈನಿಗೆ ಸಿಕ್ಕರೆ ಮಾಮೂಲಿ ಸೈಕಲ್‌ನಲ್ಲಿ ತುಳಿಯುವುದು ನಿಲ್ಲಿಸಿದರಾಯಿತು. ಇಲ್ಲಿ ಚೈನ್ ನಿಲ್ಲುವುದಿಲ್ಲ, ಬಟ್ಟೆಯನ್ನು ಎಳೆದುಕೊಳ್ಳುತ್ತಲೇ ಹೋಗುತ್ತದೆ. ಲೇಸ್ ಒಳಗೆ ಸಿಕ್ಕಿಸು, ಬಲಗಾಲಿಗೆ ಪಟ್ಟಿ ಕಟ್ಟು.

ಪ್ರಶ್ನೆ: ವಾರಜೆಯಿಂದ ಹಿಂಜವಡಿಗೆ ದಿನಾ ಹೋಗಿ ಬರುತ್ತೇನೆ. ಮುಂದೆ 48, ಹಿಂದೆ 16 ಹಲ್ಲು ಹಾಕಿದರೆ ಸ್ಪೀಡ್ ಚೆನ್ನಾಗಿರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಮ್ಮ ಸಲಹೆ?

ಉತ್ತರ: ನಿಮ್ಮ ದಾರಿಗೆ 48-16 ಭಾರ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ 3 ಸುತ್ತು, ಅಂದರೆ ಸುಮಾರು 6.4 ಮೀಟರ್. ವಾರಜೆಯಿಂದ ಚಾಂದನಿ ಚೌಕಕ್ಕೆ ಹತ್ತುವಾಗ ಮೊಣಕಾಲು ಹೇಳುತ್ತದೆ. ಮುಂದೆ 44, ಹಿಂದೆ 17 ಇಟ್ಟುಕೊಳ್ಳಿ. 28 ಮಿ.ಮೀ. ಟೈರಿಗೆ ಒಂದು ಸುತ್ತಿಗೆ 5.5 ಮೀಟರ್ ಹತ್ತಿರ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 30 ಕಿ.ಮೀ. ಆಫೀಸಿಗೆ ಅದು ಸಾಕಲ್ವಾ?

ಹತ್ತುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಇದೇ 44-17ರಲ್ಲಿ ಇಳಿಜಾರಿನಲ್ಲಿ 40 ಕಿ.ಮೀ. ವೇಗ ಬಂದರೆ ಕಾಲು ನಿಮಿಷಕ್ಕೆ 120 ಸುತ್ತು ತಿರುಗುತ್ತದೆ. 50 ಬಂದರೆ 150. ಆ ವೇಗದಲ್ಲಿ ಪೆಡಲ್‌ನಿಂದ ಕಾಲು ಜಾರಿದರೆ ಮತ್ತೆ ಹಿಡಿಯಲು ಆಗುವುದಿಲ್ಲ, ಪೆಡಲ್ ಕಾಲಿನ ಮೂಳೆಗೆ ಹೊಡೆಯುತ್ತದೆ. ಅದಕ್ಕೇ ಪಾದವನ್ನು ಪೆಡಲ್‌ಗೆ ಹಿಡಿದಿಡುವ ಟೋ ಕ್ಲಿಪ್ಪು, ಚರ್ಮದ ಪಟ್ಟಿ ಇಲ್ಲದೆ ಫಿಕ್ಸ್ಡ್ ಹತ್ತಬಾರದು. ಇಳಿಜಾರು ಶುರುವಾಗುವ ಮುಂಚೆಯೇ ಬ್ರೇಕ್ ಹಿಡಿದು ವೇಗ ಹದದಲ್ಲಿಡಿ. ಕಾತ್ರಜ್ ಘಾಟು, ಬೋಪದೇವ್ ಘಾಟು ಇಳಿಯಲು ಹೋಗುವುದಾದರೆ, ಒಂದು ಬದಿ ಕಾಗ್ ಇನ್ನೊಂದು ಬದಿ ಫ್ರೀವೀಲ್ ಇರುವ ಹಬ್ ನಿಮ್ಮದಾಗಿದ್ದರೆ, ಗಾಲಿಯನ್ನು ಫ್ರೀವೀಲ್ ಬದಿಗೆ ತಿರುಗಿಸಿ ಹಾಕಿಕೊಂಡು ಹೋಗಿ.

ಹಿಂದಿನ ಗಾಲಿ ಜಾರಿಸಿ ನಿಲ್ಲಿಸುವ ಆಟ ಆಡುವವರಿಗೆ ಇನ್ನೊಂದು ಲೆಕ್ಕ. 48-16 ಸಮವಾಗಿ ಭಾಗವಾಗುತ್ತದೆ. ಹಾಗಾಗಿ ಒಂದೇ ಕಾಲು ಮುಂದಿಟ್ಟು ಜಾರಿಸಿದಾಗಲೆಲ್ಲ ಟೈರಿನ ಅದೇ ಒಂದು ಜಾಗ ನೆಲಕ್ಕೆ ಉಜ್ಜುತ್ತದೆ. 44-16ರಲ್ಲಿ 4 ಜಾಗ. 44-17ರಲ್ಲಿ 17 ಜಾಗಕ್ಕೆ ಹಂಚಿಹೋಗುತ್ತದೆ.

ಪ್ರಶ್ನೆ: ನಾನು ಕೊಂಡ ಟ್ರ್ಯಾಕ್ ಫ್ರೇಮಿನ ಮುಂದಿನ ಚಿಮಟಾಕ್ಕೆ (ಫೋರ್ಕ್) ಬ್ರೇಕ್ ತೂತೇ ಇಲ್ಲ. ಬ್ರೇಕ್ ಇಲ್ಲದೆ ಸೈಕಲ್ ನೋಡಲೂ ಚೆಂದ. ಹಾಗೇ ಓಡಿಸಬಹುದಾ, ಇಲ್ಲಾ ತೂತು ಹೊಡೆಸಲಾ? (ಸ್ವಾರಗೇಟ್ ಓದುಗ)

ಉತ್ತರ: ಹಾಗೇ ಓಡಿಸಬೇಡಿ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಹುಡುಗ ಹುಡುಗಿಯರು ಟ್ರ್ಯಾಕ್ ರೇಸಿಗೆ ಹೋಗುತ್ತಾರೆ, ಅವರ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಯಾರ ಹತ್ತಿರವೂ ಬ್ರೇಕ್ ಇಲ್ಲ, ಹಾಗಾಗಿ ಮುಂದಿನವ ಗಕ್ಕನೆ ನಿಲ್ಲುವುದಿಲ್ಲ. ಸ್ವಾರಗೇಟ್ ಚೌಕದಲ್ಲಿ ಬಸ್ಸು ಎದುರಿಗೇ ನಿಲ್ಲುತ್ತದೆ. ಅದೇ ಮಕ್ಕಳು ರಸ್ತೆಯಲ್ಲಿ ತಾಲೀಮು ಮಾಡುವಾಗ ಬ್ರೇಕ್ ಇರುವ ಸೈಕಲ್ಲೇ ತಗೊಳ್ಳುತ್ತಾರೆ.

ನಿಲ್ಲಿಸುವಾಗ ಮೈಭಾರ ಮುಂದಕ್ಕೆ ಬರುತ್ತದೆ. ಹಿಂದಿನ ಗಾಲಿ ಹಗುರಾಗಿ ಜಾರುತ್ತದೆ. ಕಾಲಿನಿಂದ ಎಷ್ಟೇ ತಡೆದರೂ ಅದು ಹಿಂದಿನ ಗಾಲಿಗೇ ಸೇರಿದ್ದು. ನಿಜವಾದ ಹಿಡಿತ ಮುಂದಿನ ಬ್ರೇಕಿನಲ್ಲಿದೆ. ಚೈನ್ ಕಡಿದರೂ ಉಳಿಯುವುದು ಅದೊಂದೇ.

ಇದ್ದ ಚಿಮಟಾಕ್ಕೆ ತೂತು ಹೊಡೆಸಬೇಡಿ. ಕಾರ್ಬನ್ ಆಗಿದ್ದರೆ ಖಂಡಿತ ಬೇಡ. ಬ್ರೇಕಿಗೆಂದೇ ತೂತಿರುವ ಬೇರೆ ಚಿಮಟಾ ಕೊಳ್ಳಿ. ಕೊಳ್ಳುವಾಗ ಮೇಲಿನ ಕೊಳವೆ 1 ಇಂಚಿನದೋ 1⅛ ಇಂಚಿನದೋ, ಥ್ರೆಡ್ ಇದೆಯೋ ಇಲ್ಲವೋ ಅಂತ ಹಳೆಯದರ ಜತೆ ಹೋಲಿಸಿ. ಬ್ರೇಕಿನ ತೋಳಿನ ಉದ್ದವನ್ನೂ ನೋಡಿ. ಸಣ್ಣದು 39ರಿಂದ 49 ಮಿ.ಮೀ. ಮುಟ್ಟುತ್ತದೆ, ಉದ್ದನೆಯದು 47ರಿಂದ 57. 27 ಇಂಚಿನ ಗಾಲಿಯಿದ್ದ ಹಳೆ ರೇಸ್ ಸೈಕಲ್‌ಗೆ 700ಸಿ ಹಾಕುವವರೂ ಇದನ್ನು ಗಮನಿಸಿ. ಆ ರಿಮ್ 630, ಇದು 622. ಬ್ರೇಕ್ ಪ್ಯಾಡ್ 4 ಮಿ.ಮೀ. ಕೆಳಗೆ ಇಳಿಯಬೇಕಾಗುತ್ತದೆ.

ಪ್ರಶ್ನೆ: ವಾಸ್ಕೋದಲ್ಲಿದ್ದೇವೆ, ಸಮುದ್ರ ಹತ್ತಿರ. ಸ್ಟೀಲ್ ಫ್ರೇಮ್ ತುಕ್ಕು ಹಿಡಿಯುವುದಿಲ್ಲವೇ? ಅಲ್ಯೂಮಿನಿಯಂ ತಗೊಳ್ಳಲೇ?

ಉತ್ತರ: ಹಿಂದಕ್ಕೆ ತೆರೆದ ಸೀಳಿರುವ ಅಲ್ಯೂಮಿನಿಯಂ ಟ್ರ್ಯಾಕ್ ಫ್ರೇಮ್ ಸಿಕ್ಕರೆ ನಿಮ್ಮ ಊರಿಗೆ ಒಳ್ಳೆಯದು. ಸ್ಟೀಲೇ ಇಷ್ಟವಾದರೆ ಕ್ರೋಮೊಲಿ ಅನ್ನುವ ಮಿಶ್ರಲೋಹದ ಸ್ಟೀಲ್ ತಗೊಳ್ಳಿ, ಅದು ಹೈಟೆನ್ ಅನ್ನುವ ಮಾಮೂಲಿ ಸ್ಟೀಲ್‌ಗಿಂತ ಗಟ್ಟಿ, ಪೈಪು ತೆಳುವಾಗಿ ಮಾಡಲು ಬರುತ್ತದೆ, ತೂಕ ಕಡಿಮೆ. ತುಕ್ಕು ಮಾತ್ರ ಎರಡಕ್ಕೂ ಬರುತ್ತದೆ, ಅದೂ ಒಳಗಿನಿಂದ. ಮಳೆಗಾಲಕ್ಕೆ ಮುಂಚೆ ಸೀಟಿನ ಪೋಸ್ಟ್ ತೆಗೆದು ಪೈಪಿನೊಳಗೆ ಎಣ್ಣೆ ಬಿಟ್ಟು, ಫ್ರೇಮ್ ಹೊರಳಿಸಿ ಎಲ್ಲ ಕಡೆ ಹರಿಯುವಂತೆ ಮಾಡಿ. ಬಾಟಮ್ ಬ್ರಾಕೆಟ್ ಅಡಿಯಲ್ಲಿ ನೀರು ಇಳಿಯುವ ತೂತು ಇದ್ದರೆ ಕೆಸರು ಕಟ್ಟದಂತೆ ನೋಡಿಕೊಳ್ಳಿ. ಅಲ್ಯೂಮಿನಿಯಂ ಸೀಟ್ ಪೋಸ್ಟ್ ಸ್ಟೀಲ್ ಪೈಪಿನೊಳಗೆ ಉಪ್ಪು ಗಾಳಿಗೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಗರಗಸವೇ ಬೇಕು. ಗ್ರೀಸ್ ಹಚ್ಚಿ, ಆಗಾಗ ತೆಗೆದು ಹಾಕಿ. ಕಡ್ಡಿ ಸ್ಟೇನ್‌ಲೆಸ್ ಇರಲಿ.

ಪ್ರಶ್ನೆ: ಚೈನ್ ಎಷ್ಟು ಬಿಗಿ ಇರಬೇಕು? ನನ್ನದು ಒಂದು ಜಾಗದಲ್ಲಿ ಬಿಗಿ, ಒಂದು ಜಾಗದಲ್ಲಿ ಸಡಿಲ. (ಕಾತ್ರಜ್ ಓದುಗ)

ಉತ್ತರ: ಮುಂದಿನ ಹಲ್ಲಿನ ಚಕ್ರ ಪೂರ್ತಿ ದುಂಡಗೆ ಕೂತಿಲ್ಲ. ಅದರ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ. ಕ್ರಾಂಕ್ ನಿಧಾನ ತಿರುಗಿಸುತ್ತಾ ಚೈನ್ ಅತಿ ಬಿಗಿ ಆಗುವ ಜಾಗ ಹುಡುಕಿ. ಅಲ್ಲಿ ನಿಲ್ಲಿಸಿ, ಮರದ ತುಂಡಿನಿಂದ ಚೈನಿನ ಮೇಲಿನ ಸಾಲಿಗೆ ಮೆಲ್ಲಗೆ ತಟ್ಟಿ. ಚಕ್ರ ಒಂದಿಷ್ಟು ಸರಿಯುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ. ವ್ಯತ್ಯಾಸ ಸಾಕಷ್ಟು ಕಡಿಮೆಯಾದ ಮೇಲೆ ಬೋಲ್ಟು ಬಿಗಿ ಮಾಡಿ. ಅತಿ ಬಿಗಿಯಾದ ಜಾಗದಲ್ಲಿ ಚೈನಿನ ನಡುವೆ ಬೆರಳಿಟ್ಟು ಒತ್ತಿದರೆ ಒಂದು ಸೆಂಟಿಮೀಟರ್ ಆಡಬೇಕು. ಆಮೇಲೆ 15 ನಂಬರ್ ಪಾನಾದಿಂದ ಆಕ್ಸೆಲ್ ನಟ್ಟು ಬಲ, ಎಡ, ಬಲ, ಎಡ ಅಂತ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಗಾಲಿ ನಡುವಿಗೆ ನಿಲ್ಲುತ್ತದೆ. ಸಡಿಲ ಚೈನ್ ಓಡುವಾಗ ಬಿದ್ದರೆ ಹಿಂದಿನ ಗಾಲಿ ಅಲ್ಲಿಗಲ್ಲಿಗೇ ಕಚ್ಚಿಕೊಳ್ಳುತ್ತದೆ, ನೆನಪಿರಲಿ.

ಚೈನ್ ಒರೆಸುವಾಗ ಪೆಡಲ್ ತಿರುಗಿಸಿ ಬಟ್ಟೆ ಹಿಡಿಯುವ ಅಭ್ಯಾಸ ಮಾಮೂಲಿ ಸೈಕಲ್‌ನಿಂದ ಬಂದದ್ದು. ಫಿಕ್ಸ್ಡ್‌ನಲ್ಲಿ ಅದು ಬೆರಳು ಕತ್ತರಿಸುತ್ತದೆ. ತಿರುಗುವ ಗಾಲಿಯ ಬಲ ಪೂರ್ತಿ ಚೈನಿಗೆ ಬರುತ್ತದೆ, ಬಟ್ಟೆಯನ್ನೂ ಬೆರಳನ್ನೂ ಹಲ್ಲಿನೊಳಗೆ ಎಳೆದುಕೊಳ್ಳುತ್ತದೆ. ಗಾಲಿ ನಿಲ್ಲಿಸಿ. ಚೈನಿನ ಒಂದು ಗೇಣು ಒರೆಸಿ. ಕೈ ತೆಗೆದು ಗಾಲಿ ಸರಿಸಿ. ಮತ್ತೆ ಒರೆಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೈಕಲ್ ತಲೆಕೆಳಗಾಗಿ ಇಟ್ಟು ಒಳಗೆ ಹೋಗಬೇಡಿ.

ಪ್ರಶ್ನೆ: ಅಣ್ಣಾವ್ರೇ, ನನ್ನ ಮಗನಿಗೆ 15 ವರ್ಷ. ಫಿಕ್ಸಿ ಬೇಕು ಅಂತ ಹಟ. ಬೇಡ ಅನ್ನಲೇ? (ಚಿಂಚವಡದ ತಾಯಿ)

ಉತ್ತರ: ಬೇಡ ಅನ್ನಬೇಡಿ ಅಕ್ಕಾ. ಫಿಕ್ಸ್ಡ್ ಓಡಿಸಿದ ಮಕ್ಕಳಿಗೆ ಕಾಲು ದುಂಡಗೆ ತಿರುಗಿಸುವುದು, ಮುಂದೆ ನೋಡಿ ವೇಗ ಹದ ಮಾಡುವುದು ತಾನಾಗಿ ಬರುತ್ತದೆ. ಆದರೆ ಫ್ಲಿಪ್ ಫ್ಲಾಪ್ ಹಬ್ ಇರುವ ಸೈಕಲ್ಲೇ ಕೊಡಿಸಿ. ಅದರಲ್ಲಿ ಒಂದು ಬದಿ ಫ್ರೀವೀಲ್, ಇನ್ನೊಂದು ಬದಿ ಕಾಗ್. ಗಾಲಿ ಬಿಚ್ಚಿ ತಿರುಗಿಸಿ ಹಾಕಿದರೆ ಬದಲಾಗುತ್ತದೆ. ಮುಂದೆ ಹಿಂದೆ ಎರಡೂ ಬ್ರೇಕ್ ಇರಲಿ. ಮೊದಲ ಕೆಲವು ತಿಂಗಳು ಫ್ರೀವೀಲ್ ಬದಿಯಲ್ಲೇ ಓಡಿಸಲಿ. ಆಮೇಲೆ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಫಿಕ್ಸ್ಡ್ ಬದಿ ಕಲಿಯಲಿ. ಎರಡೂ ಬದಿಯ ಹಲ್ಲಿನ ಲೆಕ್ಕದಲ್ಲಿ ಒಂದೆರಡು ಹೆಚ್ಚುಕಡಿಮೆ ಇದ್ದರೆ ಬೇರೆ ಚೈನ್ ಬೇಕಾಗಿಲ್ಲ, ಸೀಳಿನಲ್ಲಿ ಗಾಲಿ ಸ್ವಲ್ಪ ಸರಿಸಿದರೆ ಸಾಕು. ತಿರುಗಿಸಿ ಹಾಕಿದ ದಿನ ಲಾಕ್‌ರಿಂಗ್ ಬಿಗಿ ಇದೆಯಾ ಅಂತ ಯಾರಾದರೂ ತಿಳಿದವರಿಂದ ನೋಡಿಸಿ. ನಿಗಡಿ ನಿಮಗೆ ಹತ್ತಿರ, ಪತ್ರಿಕೆಯ ಕಚೇರಿಗೆ ತಿಳಿಸಿದರೆ ನಾನೇ ನೋಡಿ ಕೊಡುತ್ತೇನೆ.